ಬೋರ್ಡ್ ಮೂರರ ಸಾಕ್ಷಿ

ನಮ್ಮವರನ್ನು ಕಟಕಟೆ ಹತ್ತಿಸಬೇಡಿ ಎಂದು ನಾನು ಬಡಕೊಂಡಿದ್ದೆ. ಒಬ್ಬರಾದರೂ ಕಿವಿಗೆ ಹಾಕಿಕೊಂಡರೆ ಕೇಳಿ. “ಅತ್ತಿಗೆ, ಅಣ್ಣನಷ್ಟು ಸರ್ವಿಸು ಇನ್ಯಾರಿಗಿದೆ? ಅಣ್ಣನ ಮಾತಿಗೆ ಒಂದು ತೂಕ ಇದೆ” ಎಂದರು. ತೂಕ ಇದೆ, ಇಲ್ಲವೆಂದವರು ಯಾರು? ಆದರೆ ಆ ಬಾಯಿಂದ ಮಾತು ಹೇಗೆ ಹೊರಗೆ ಬೀಳುತ್ತದೆ ಎಂಬುದು ಅವರ ಜೊತೆ ಸಂಸಾರ ಮಾಡಿದವಳಿಗೆ ಗೊತ್ತು, ಊರಿಗೇನು ಗೊತ್ತು?

ವಿದ್ಯುತ್ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಇವರದು ಮೂರನೇ ಬೋರ್ಡು. ಗೋಡೆ ತುಂಬ ಮೀಟರು, ಸ್ವಿಚ್ಚು, ಕೆಂಪು ಹಸಿರು ದೀಪ. ಮೇಜಿನ ಮೇಲೆ ಒಂದು ಫೋನು. ಫೋನಿನಲ್ಲಿ ಇವರಿಗೆ ಹೆಸರೇ ಇಲ್ಲ, ಬೋರ್ಡ್ ಮೂರು ಎಂದೇ ಕರೆಯುವುದು. ಆ ಕಡೆಯಿಂದ ಏನು ಹೇಳಿದರೂ ಈ ಕಡೆಯವರು ಅಕ್ಷರ ಬಿಡದೆ ತಿರುಗಿ ಹೇಳಬೇಕು, ಅದು ಅಲ್ಲಿಯ ನಿಯಮ. “ಏಳನೇ ಲೈನ್ ಆಫ್ ಮಾಡುವುದು” ಎಂದರೆ “ಏಳನೇ ಲೈನ್ ಆಫ್ ಮಾಡುವುದು, ಕೇಳಿತು” ಎನ್ನಬೇಕು. ಆ ಕಡೆಯವರು “ಸರಿ” ಎಂದ ಮೇಲೆಯೇ ಸ್ವಿಚ್ಚಿಗೆ ಕೈ. ಇವರು ಸೇರುವ ಮುಂಚೆ ಯಾರೋ ಒಬ್ಬ ತಿರುಗಿ ಹೇಳದೆ ಸ್ವಿಚ್ಚು ಒತ್ತಿ, ಕಂಬದ ಮೇಲಿದ್ದ ಲೈನ್‌ಮನ್ ಅಲ್ಲೇ ಸುಟ್ಟು ಜೋತುಬಿದ್ದನಂತೆ. ಅಂದಿನಿಂದ ಬಂದ ನಿಯಮ ಅದು.

ನಿಯಮ ಕಂಟ್ರೋಲ್ ರೂಮಿನಲ್ಲೇ ಇದ್ದಿದ್ದರೆ ನನಗೇನು ಬಂದಿತ್ತು? ಮನೆಗೂ ಬಂತು. ಸಾಧಾರಣ ಮಾತಿಗೆ ಸಾಧಾರಣವಾಗಿಯೇ ಉತ್ತರ ಕೊಡುತ್ತಾರೆ. ನಾನು ದನಿ ಬಿಗಿ ಮಾಡಿ “ಬರ್ತಾ ಉಪ್ಪು ತರೋದು” ಎಂದೆನೋ, “ಬರ್ತಾ ಉಪ್ಪು ತರೋದು, ಕೇಳಿತು.” ಮದುವೆಯಾದ ಹೊಸತರಲ್ಲಿ ಅಣಕಿಸುತ್ತಿದ್ದಾರೆ ಎಂದುಕೊಂಡು ತಟ್ಟೆ ಎಸೆದಿದ್ದೆ. “ನಿಮ್ಮಂಥ ಪೆದ್ದನ್ನ ನಾನು ನೋಡಿಲ್ಲ” ಎಂದು ಕಿರುಚಿದರೆ “ನನ್ನಂಥ ಪೆದ್ದನ್ನ ನೀನು ನೋಡಿಲ್ಲ, ಕೇಳಿತು” ಎಂದು ಬಗ್ಗಿ ತಟ್ಟೆಯ ಚೂರು ಆರಿಸಿದರು. ಅವತ್ತು ನಗು ಬಂದು ಜಗಳ ನಿಂತಿತು. ಕೆಲಸ ಬಿಟ್ಟು ಎಷ್ಟು ಕಾಲವಾದರೂ ಅದು ಹೋಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಸಂಬಳ ಕೊಟ್ಟು ಹಾಕಿಸಿದ ಗುಣ, ಇನ್ನೂ ಗಟ್ಟಿ.

ಕೇಸಿನ ಕಥೆ ಇಷ್ಟು. ಕಂಪನಿಗೆ ಜನ ಕಡಿಮೆ ಮಾಡಬೇಕಿತ್ತು. ಅವಧಿಗೆ ಮುಂಚೆ ಬಿಟ್ಟುಹೋಗುವವರಿಗೆ ಸಂಬಳದ ಲೆಕ್ಕದಲ್ಲಿ ಒಂದು ಗಂಟು ಕೊಡುತ್ತೇವೆ ಎಂದರು. ಕಾಗದದಲ್ಲಿ ಅದಕ್ಕೆ ಏನೋ ದೊಡ್ಡ ಹೆಸರು, ನಮ್ಮ ಬಾಯಲ್ಲಿ ದಯೆ ದುಡ್ಡು. ಇವರೂ ಬಿಟ್ಟರು, ಇವರ ಜೊತೆಯವರೂ ಬಿಟ್ಟರು. ಆಮೇಲೆ ಸಂಬಳ ಏರಿತು. ಏರಿದ್ದು ಹಿಂದಿನ ತಾರೀಖಿನಿಂದ, ಇವರೆಲ್ಲ ಇನ್ನೂ ಕೆಲಸದಲ್ಲಿದ್ದ ಕಾಲದಿಂದ. ಸಂಬಳದ ಬಾಕಿ ಕೊಟ್ಟರು, ಪಿಂಚಣಿ ತಿದ್ದಿದರು, ದಯೆ ದುಡ್ಡನ್ನು ಮಾತ್ರ ಹಳೇ ಲೆಕ್ಕದಲ್ಲೇ ಬಿಟ್ಟರು. ಸಂಬಳದ ಮೇಲೆ ತಾನೆ ಲೆಕ್ಕ ಹಾಕಿದ್ದು, ಸಂಬಳ ಏರಿದರೆ ಅದೂ ಏರಬೇಕಲ್ಲ ಎಂದು ಇವರು ಕೇಳಿದರು. ಅದು ದಯೆ, ದಯೆಗೆ ಲೆಕ್ಕ ಕೇಳುವ ಹಾಗಿಲ್ಲ ಎಂದಿತು ಕಂಪನಿ. ಹಾಗಾಗಿ ಕೋರ್ಟು.

ನನಗೆ ಆ ದುಡ್ಡು ಬಂದರೂ ಅಷ್ಟೆ, ಬಿಟ್ಟರೂ ಅಷ್ಟೆ. ನನ್ನ ಜೀವ ಇದ್ದದ್ದು ಬೇರೆ ಕಡೆ. ಮಗಳನ್ನು ನಾವು ಗುಬ್ಬಿ ಎನ್ನುತ್ತೇವೆ. ವಯಸ್ಸು ಮೂವತ್ತರ ಹತ್ತಿರ, ನಾಲಿಗೆ ನನ್ನದೇ. ಮನೆಯಲ್ಲಿ ಕೂತು ಬಟ್ಟೆ ಅಂಗಡಿಗೆ ಗುಂಡಿ ಹೊಲಿದು ಕೊಡುತ್ತಾಳೆ. ಚಿಕ್ಕಂದಿನಿಂದ ಅವಳಿಗೆ ಫಿಟ್ಸು. ಕಂಪನಿಯ ಆಸ್ಪತ್ರೆಯಲ್ಲಿ ಕೊಡುವ ಗುಳಿಗೆ ಹೊಟ್ಟೆಯಲ್ಲಿದ್ದರೆ ಎಲ್ಲರ ಹಾಗೆ ಓಡಾಡಿಕೊಂಡು, ನನ್ನ ಜೊತೆ ಜಗಳ ಆಡಿಕೊಂಡು ಇರುತ್ತಾಳೆ. ಒಂದು ಸಲ ಅಲ್ಲಿ ಗುಳಿಗೆ ಮುಗಿದಿತ್ತು. ಹೊರಗೆ ಅದೇ ಗುಳಿಗೆಯ ಬೆಲೆ ನಮ್ಮ ಪಿಂಚಣಿಗೆ ಎಟುಕುವುದಲ್ಲ, ಅಗ್ಗದ್ದೊಂದು ತಂದೆವು. ಬಚ್ಚಲಲ್ಲಿ ಚಿಲಕ ಹಾಕಿಕೊಂಡವಳು ಒಳಗೇ ಬಿದ್ದಳು. ಬಾಗಿಲು ಒಡೆಯುವ ತನಕ ಅವಳ ಹಿಮ್ಮಡಿ ಆ ಕಡೆಯಿಂದ ಬಾಗಿಲಿಗೆ ಬಡಿಯುತ್ತಲೇ ಇತ್ತು. ತುಟಿ ಸೀಳಿತ್ತು, ಮುಂದಿನ ಹಲ್ಲು ಅರ್ಧ ಮುರಿದಿತ್ತು. ಈಗಲೂ ಯಾರಾದರೂ ನಮ್ಮ ಬಾಗಿಲು ತಟ್ಟಿದರೆ ನಾನು ಮೊದಲು ಓಡುವುದು ಬಚ್ಚಲ ಕಡೆಗೆ.

ನಿವೃತ್ತರ ಮನೆಯವರಿಗೆ ಆ ಆಸ್ಪತ್ರೆಯೂ ಕಂಪನಿಯ ದಯೆಯೇ. ಕೇಸು ಹಾಕಿದ ಮೇಲೆ ಔಷಧಿಯ ಕಿಟಕಿಯ ಪಕ್ಕದಲ್ಲಿ ಒಂದು ಸೂಚನೆ ಅಂಟಿಸಿದರು: ದಯೆಯಿಂದ ಕೊಡುತ್ತಿರುವ ಎಲ್ಲ ಸೌಲಭ್ಯಗಳನ್ನೂ ಮರುಪರಿಶೀಲಿಸಬೇಕಾಗಬಹುದು ಎಂದು. ಬೇರೆಯವರು ಓದಿ ಉಗಿದರು. ನಾನು ಓದಿ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ನನಗೆ ಯಾರ ಹೆದರಿಕೆಯೂ ಇಲ್ಲ ಎಂದು ಬೀದಿಗೆಲ್ಲ ಸಾರಿಕೊಂಡು ಬಂದವಳು ನಾನು. ಆ ಕಾಗದದ ಚೂರಿಗೆ ಹೆದರಿದೆ.

ನಮ್ಮ ಕಡೆಯ ವಕೀಲಮ್ಮ ಚುರುಕಿನ ಹುಡುಗಿ. ಅವರ ಕೋಣೆಗೆ ಹೋಗಿ ಇವರ ಚಾಳಿ ಹೇಳಿದೆ. ಅವರು ನಕ್ಕರು. “ಅಮ್ಮಾ, ಎಲ್ಲರ ಮನೆ ಗಂಡಸರಿಗೂ ಒಂದೊಂದು ಚಾಳಿ ಇರತ್ತೆ. ಕೋರ್ಟಲ್ಲಿ ಪ್ರಶ್ನೆ ಕೇಳ್ತಾರೆ, ಇವರು ಉತ್ತರ ಹೇಳ್ತಾರೆ. ಅಷ್ಟೇ.” ಪಕ್ಕದಲ್ಲಿದ್ದ ಇವರ ಹಳೇ ಜೊತೆಗಾರನೂ ನಕ್ಕ. ಅವನಿಗೆ ಎಲ್ಲರೂ ಇಟ್ಟ ಹೆಸರು ಫ್ಯೂಸು, ಮಾತುಮಾತಿಗೆ ಹಾರುತ್ತಾನೆ ಎಂದು. “ಅತ್ತಿಗೆ, ತಿರುಗಿ ಹೇಳೋದು ನಾನೂ ಹೇಳ್ತೀನಿ, ನಾವೆಲ್ಲ ಹೇಳ್ತೀವಿ. ಅದರಲ್ಲೇನಿದೆ?” ಎಂದ. ನೋಡಿ, ಅದೇ ತೊಂದರೆ. ಎಲ್ಲರಿಗೂ ಇರುವ ಕಾಯಿಲೆ ಕಾಯಿಲೆಯ ಹಾಗೆ ಕಾಣುವುದಿಲ್ಲ.

ಹಾಗೆಂದು ನಾನು ಕೈಕಟ್ಟಿ ಕೂರಲಿಲ್ಲ. ಸಾಕ್ಷಿಯ ಹಿಂದಿನ ವಾರವೆಲ್ಲ ಊಟದ ಮೇಜಿನ ಆಚೆ ನಿಂತು ನಾನೇ ಕಂಪನಿ ವಕೀಲೆಯಾದೆ.

“ನೋಡಿ, ಅವರು ಏನೇ ಹೇಳಲಿ, ತಿರುಗಿ ಹೇಳಬಾರದು” ಎಂದೆ.

“ತಿರುಗಿ ಹೇಳಬಾರದು, ಕೇಳಿತು.”

ಗುಬ್ಬಿ ಸೂಜಿ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇವರೂ ನಕ್ಕರು. ನಾನೂ ನಕ್ಕೆ ಅನ್ನಿ.

ಸಾಕ್ಷಿಯ ದಿನ ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿ ಕಟಕಟೆಯಲ್ಲಿ ನಿಂತರು. ಕೋರ್ಟಿನ ಕೋಣೆ ಚಿಕ್ಕದು, ಫ್ಯಾನು ದೊಡ್ಡದು, ಅದರ ಸದ್ದು ಇನ್ನೂ ದೊಡ್ಡದು. ಎದುರಿಗೆ ನ್ಯಾಯಾಧೀಶರು, ಅವರ ಕೆಳಗೆ ಟೈಪು ಮಾಡುವ ಹೆಂಗಸು. ಹಿಂದಿನ ಬೆಂಚುಗಳಲ್ಲಿ ನಾವು. ಕಂಪನಿ ವಕೀಲರ ಬೆನ್ನ ಹಿಂದೆಯೇ ಕುರ್ಚಿ ಎಳೆದುಕೊಂಡು ದೊಡ್ಡ ಇಂಜಿನಿಯರು ಕೂತಿದ್ದರು. ಈಗ ಕಂಪನಿಯಲ್ಲಿ ಬಹಳ ಮೇಲೆ ಹೋಗಿದ್ದಾರೆ. ಹಿಂದೆ ಕಂಟ್ರೋಲ್ ರೂಮಿಗೆ ಫೋನಿನಲ್ಲಿ ಆರ್ಡರ್ ಕೊಡುತ್ತಿದ್ದವರು ಅವರೇ.

ನಮ್ಮ ವಕೀಲಮ್ಮ ಕೇಳಿದ್ದಕ್ಕೆಲ್ಲ ಇವರು ಚೆನ್ನಾಗಿಯೇ ಹೇಳಿದರು. ಕಂಪನಿ ವಕೀಲರು ಎದ್ದರು. ಮೊದಮೊದಲು ಅವರಿಗೂ ಚೆನ್ನಾಗಿಯೇ ಹೇಳಿದರು. ವಕೀಲರು ಗಾದೆ ಬೇರೆ ಹೇಳಿದರು: “ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ. ಹಾಗಾಯ್ತಲ್ಲ ನಿಮ್ಮ ಕಥೆ?”

ಇವರು ತಣ್ಣಗೆ ಹೇಳಿದರು. “ಧರ್ಮಕ್ಕೆ ಕೊಡೋರು ಮೊದಲೇ ನನ್ನ ಸಂಬಳದ ಮೊಳ ಹಾಕಿ ಕೊಟ್ಟಿದ್ರು ಸ್ವಾಮಿ. ಆ ಮೊಳ ಚಿಕ್ಕದಿತ್ತು ಅಂತ ಆಮೇಲೆ ಅವರೇ ಹೇಳಿದ್ರು.”

ಬೆಂಚಿನಲ್ಲಿ ನಗು ಹರಿಯಿತು. ನ್ಯಾಯಾಧೀಶರ ಮೀಸೆಯೂ ಅಲುಗಿತು. ಭೇಷ್ ಎಂದುಕೊಂಡೆ. ಆಗ ದೊಡ್ಡ ಇಂಜಿನಿಯರು ಮುಂದಕ್ಕೆ ಬಾಗಿ ವಕೀಲರ ಕಿವಿಯಲ್ಲಿ ಏನೋ ಹೇಳಿದರು. ಹೇಳಿ ಮುಗಿದ ಮೇಲೂ ವಕೀಲರು ನಂಬದವರ ಹಾಗೆ ಅವರ ಮುಖವನ್ನೇ ನೋಡಿದರು.

“ಕೆಲಸದಲ್ಲಿ ನಿಮ್ಮನ್ನ ಏನಂತ ಕರೀತಿದ್ರು?”

“ಬೋರ್ಡ್ ಮೂರು ಅಂತ.”

ವಕೀಲರು ಕಾಗದ ಕೆಳಗಿಟ್ಟರು. ದನಿ ಬದಲಾಯಿತು. ಏರೂ ಇಲ್ಲ, ಇಳಿತವೂ ಇಲ್ಲ, ದೂರದ ಫೋನಿನ ದನಿ.

“ಬೋರ್ಡ್ ಮೂರು.”

ಇವರ ಬೆನ್ನು ನೆಟ್ಟಗಾಯಿತು. “ಬೋರ್ಡ್ ಮೂರು, ಹೇಳಿ.”

ನಾನು ಬೆಂಚಿನಿಂದ ಅರ್ಧ ಎದ್ದೆ. ಫ್ಯೂಸು ನನ್ನನ್ನು ವಿಚಿತ್ರವಾಗಿ ನೋಡಿದ.

“ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದ್ದು.”

“ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದ್ದು.”

“ಪಡೆದ ಹಣ ಕಂಪನಿಯ ದಯೆ.”

“ಪಡೆದ ಹಣ ಕಂಪನಿಯ ದಯೆ.”

ನಮ್ಮ ವಕೀಲಮ್ಮ ಎದ್ದು ಕೈ ಎತ್ತುವಷ್ಟರಲ್ಲಿ ಮೂರನೆಯದೂ ಬಂತು.

“ಹೆಚ್ಚಿಗೆ ಕೇಳುವ ಹಕ್ಕು ಇಲ್ಲ.”

“ಹೆಚ್ಚಿಗೆ ಕೇಳುವ ಹಕ್ಕು ಇಲ್ಲ. ಕೇಳಿತು.”

ವಕೀಲರು ಕೂತರು. ಟೈಪಿನ ಹೆಂಗಸು ಅದನ್ನೆಲ್ಲ ಟೈಪು ಮಾಡಿದಳು. ಇವರು ಇನ್ನೂ ನೆಟ್ಟಗೆ ನಿಂತು, ಆ ಕಡೆಯಿಂದ “ಸರಿ” ಎಂಬ ಮಾತು ಬರಲೆಂದು ಕಾಯುತ್ತಿದ್ದರು. ಅದು ಬರಲಿಲ್ಲ. ಆಗ ಇವರಿಗೆ ತಾವು ಏನು ಹೇಳಿಬಿಟ್ಟೆವೆಂದು ಗೊತ್ತಾಯಿತು. ಆ ಮುಖದಿಂದ ಬಣ್ಣ ಇಳಿದುಹೋದದ್ದನ್ನು ನಾನು ಅಷ್ಟು ದೂರದಿಂದಲೂ ಕಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಕೀಲಮ್ಮ ಏನೇನೋ ವಾದಿಸಿದರು. ದಾಖಲಾದದ್ದು ದಾಖಲಾಯಿತು, ಬೇಕಿದ್ದರೆ ಮುಂದಿನ ತಾರೀಖಿಗೆ ಸಾಕ್ಷಿಯನ್ನು ನೀವು ಮತ್ತೆ ಕೇಳಬಹುದು ಎಂದರು ನ್ಯಾಯಾಧೀಶರು.

ಹೊರಗೆ ಬಂದರೆ ಜೊತೆಯವರು ಯಾರೂ ಇವರ ಹತ್ತಿರ ಸುಳಿಯಲಿಲ್ಲ. ತಿರುಗಿ ಹೇಳುವುದು ಅವರೆಲ್ಲರ ಬಾಯಲ್ಲೂ ಇದ್ದ ಚಾಳಿಯೇ, ಆದರೂ ಆ ಹೊತ್ತಿಗೆ ಒಬ್ಬರಿಗೂ ಅದು ಹೊಳೆಯಲಿಲ್ಲ. ಹೆದರಿಕೆ ಬಂದವನಿಗೆ ಮೊದಲು ಕಾಣುವುದು ಕಳ್ಳ. ಫ್ಯೂಸು ಹಾರಿದ.

“ಎಷ್ಟಕ್ಕೆ ಮಾರಿಕೊಂಡೆ ಅಣ್ಣಾ? ಮಗಳ ಔಷಧಿಗಾ?”

“ನಾಲಿಗೆ ಬಿಗಿ ಹಿಡಿಯೋ!” ಎಂದು ನಾನು ಅವನ ಮೇಲೆ ಹೋದೆ. “ನಿಮ್ಮಣ್ಣ ಏನು ಅಂತ ಗೊತ್ತಿಲ್ವಾ ನಿನಗೆ? ನೀನೂ ಹಾಗೇ ಬೊಗಳ್ತಿದ್ದೆ, ಆ ಜಾಗದಲ್ಲಿ ನಿಂತಿದ್ರೆ!”

ಇವರು ಮಾತ್ರ ಮೆಟ್ಟಿಲ ಮೇಲೆ ಕೂತು ಬೂಟಿನ ಲಾಡಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ನೀರು ತರೋಣವೆಂದು ನಾನು ಆ ಕಡೆಯ ನಲ್ಲಿಯ ಹತ್ತಿರ ಹೋದೆ. ದೊಡ್ಡ ಇಂಜಿನಿಯರು ಅಲ್ಲೇ ಕೈ ತೊಳೆಯುತ್ತಿದ್ದರು.

“ಮಗಳು ಹೇಗಿದ್ದಾಳಮ್ಮ?” ಎಂದರು. ಬಹಳ ಮೆತ್ತಗಿನ ದನಿ. ಬೈದಿದ್ದರೆ ನಾನೂ ಬೈಯುತ್ತಿದ್ದೆ.

“ಇದ್ದಾಳೆ.”

“ಬಚ್ಚಲಲ್ಲಿ ಬಿದ್ದಿದ್ಲಂತಲ್ಲ ಆಗೊಮ್ಮೆ. ಆಸ್ಪತ್ರೆಯೋರು ಹೇಳಿದ್ರು. ಪಾಪ.” ಕರವಸ್ತ್ರದಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. “ಔಷಧಿ ವಿಷಯಕ್ಕೆ ತಲೆ ಕೆಡಿಸ್ಕೋಬೇಡಿ. ಯಜಮಾನ್ರು ಇವತ್ತು ಸರಿಯಾಗೇ ಹೇಳಿದ್ದಾರೆ. ಅದು ಹಾಗೇ ಇರಲಿ. ಮುಂದಿನ ತಾರೀಖಿಗೆ ಅವರಿಗೆ ಮೈಗೆ ಹುಷಾರಿಲ್ಲದೆ ಇದ್ರೂ ಆಯ್ತು. ವಯಸ್ಸಾಯ್ತು ನೋಡಿ, ಯಾರೂ ತಪ್ಪು ತಿಳಿಯಲ್ಲ.”

ಅವರು ಹೋದ ಮೇಲೆ ನೀರು ಹಿಡಿಯುವುದನ್ನೇ ಮರೆತು ನಿಂತೆ. ಬಚ್ಚಲಲ್ಲಿ ಬಿದ್ದದ್ದು ಈ ಇಂಜಿನಿಯರಿಗೆ ಹೇಗೆ ನೆನಪಿದೆ? ನೆನಪಿಟ್ಟುಕೊಂಡು ಯಾಕೆ ಕೂತಿದ್ದಾರೆ? ಆಸ್ಪತ್ರೆಯ ಕಪಾಟಿನಲ್ಲಿರುವ ನನ್ನ ಮಗಳ ಹಣೆಬರಹವನ್ನು ಯಾರೋ ಹೊರಗೆ ತೆಗೆದು ಓದಿ ಒಳಗಿಟ್ಟಿದ್ದಾರೆ ಅನ್ನಿಸಿತು. ಮನೆಗೆ ಬರುವ ದಾರಿಯಲ್ಲಿ ಬಸ್ಸಿನಲ್ಲಿ ಇವರ ಪಕ್ಕ ಕೂತು ಒಂದು ಮಾತೂ ಆಡಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಕೂತರೆ ಇವರಿಗೂ ಹೆದರಿಕೆ.

ಸಂಜೆ ಊಟಕ್ಕೆ ಕೂತಾಗ ಎಲ್ಲ ಹೇಳಿದೆ. ಗುಬ್ಬಿಯ ಎದುರಿಗೇ ಹೇಳಿದೆ, ಮುಚ್ಚಿಡಲು ನನಗೆ ಬರುವುದಿಲ್ಲ. ಹೇಳಿ, ದನಿ ಬಿಗಿ ಮಾಡಿದೆ. “ಮುಂದಿನ ತಾರೀಖಿಗೆ ನೀವು ಹೋಗಬಾರದು. ಇವತ್ತು ಹೇಳಿದ್ದು ಹಾಗೇ ಇರೋದು.”

ಇವರು ತಟ್ಟೆ ನೋಡುತ್ತ ಕೂತರು. ನಾನು ಕಾದೆ. ಗುಬ್ಬಿಯೂ ಕಾದಳು. ನಮ್ಮ ಸಂಸಾರದಲ್ಲಿ ನನ್ನ ಬಿಗಿ ದನಿಯ ಮಾತು ತಿರುಗಿ ಬರದೆ ಇದ್ದದ್ದು ಅದೇ ಮೊದಲು. ಇವರು ಎದ್ದು, ತಮ್ಮ ತಟ್ಟೆ ತಾವೇ ತೊಳೆದಿಟ್ಟು, ಬಾಗಿಲ ಚಿಲಕ ಹಾಕಿಬಂದರು.

“ರೀ, ಕೇಳಿಸ್ಲಿಲ್ವಾ?” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

“ಕೇಳಿಸ್ತು ಕಣೇ” ಎಂದರು. ಅಷ್ಟೇ.

ಆ ಮೇಲೆ ನಾನು ಬೈದೆ, ಕಣ್ಣೀರು ಹಾಕಿದೆ, ನಿಮಗೆ ಜೊತೆಯವರ ಮಾನ ಹೆಚ್ಚೋ ಹೆತ್ತ ಮಗಳ ಜೀವ ಹೆಚ್ಚೋ ಎಂದು ಕೇಳಬಾರದ್ದನ್ನೂ ಕೇಳಿದೆ. ಗುಬ್ಬಿ ನಡುವೆ ಬಾಯಿ ಹಾಕಿದಳು. “ಅಮ್ಮ, ಬೀಳೋದು ನಾನು. ನನ್ನ ಕೇಳಿದ್ಯಾ ಒಂದು ಸಲನಾದ್ರೂ?” “ನೀನು ಬಿದ್ದಾಗ ನಿನಗೆ ಏನೂ ಗೊತ್ತಾಗಲ್ಲ ಕಣೇ, ನೋಡೋಳು ನಾನು!” ಎಂದೆ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ತಾರೀಖಿಗೆ ಇವರು ಹೋದರು. ನಾನು ಬೆನ್ನ ಹಿಂದೆಯೇ ಹೋದೆ, ಬಿಡಲು ಮನಸ್ಸು ಬರಬೇಕಲ್ಲ. ವಕೀಲಮ್ಮ ಈ ಸಲ ನಗಲಿಲ್ಲ. ತಿರುಗಿ ಹೇಳುವ ನಿಯಮ ಏನು, ಯಾಕೆ ಎಂದು ಕೇಳಿದರು. ಇವರು ಆ ಸುಟ್ಟುಹೋದ ಲೈನ್‌ಮನ್‌ನಿಂದ ಹಿಡಿದು ಎಲ್ಲ ಹೇಳಿದರು. “ತಿರುಗಿ ಹೇಳೋದು ಒಪ್ಪಿಗೆ ಅಲ್ಲ ಸ್ವಾಮಿ. ಏನು ಕೇಳಿಸ್ತು ಅಂತ ಆ ಕಡೆಯೋರಿಗೆ ತಿಳಿಸೋದು. ಒಪ್ಪೋದು ಬಿಡೋದು ಆಮೇಲಿನ ಮಾತು. ಅವತ್ತು ವಕೀಲರು ಹೇಳಿದ್ದು ನನಗೆ ಕೇಳಿಸ್ತು. ನಾನು ಒಪ್ಪಲಿಲ್ಲ.” ನ್ಯಾಯಾಧೀಶರು ಹಿಂದಿನ ಹಾಳೆ ತಿರುವಿ ನೋಡಿದರು. ಎರಡು ಉತ್ತರವೂ ದಾಖಲೆಯಲ್ಲಿರಲಿ, ಯಾವುದನ್ನು ನಂಬಬೇಕು ಎಂಬುದನ್ನು ಕೊನೆಗೆ ನೋಡೋಣ ಎಂದರು. ಫ್ಯೂಸು ಹೊರಗೆ ಬಂದು ಇವರ ಕೈ ಹಿಡಿದುಕೊಂಡು ಅತ್ತ. ದೊಡ್ಡ ಇಂಜಿನಿಯರು ನನ್ನ ಪಕ್ಕದಲ್ಲೇ ಹಾದುಹೋದರು. ಈ ಸಲ ಮಗಳು ಹೇಗಿದ್ದಾಳೆ ಎಂದು ಕೇಳಲಿಲ್ಲ.

ಅಲ್ಲಿಂದಾಚೆ ನಾನು ಡಬ್ಬಿ ತೆಗೆದು ಗುಳಿಗೆ ನೋಡುವುದೇ ಕೆಲಸವಾಯಿತು. ಬೆಳಿಗ್ಗೆ ನೋಡಿದ್ದನ್ನು ಮಧ್ಯಾಹ್ನ ನೋಡುವುದು, ಏನೋ ಇಷ್ಟರಲ್ಲಿ ಹೆಚ್ಚಾಗಿರುತ್ತದೆ ಅನ್ನುವ ಹಾಗೆ. ಗುಬ್ಬಿ ಬಚ್ಚಲಿಗೆ ಹೋದರೆ ಹೊರಗೆ ನಿಂತು ಸುಮ್ಮನೆ ಮಾತಾಡಿಸುತ್ತಿದ್ದೆ. “ಅಮ್ಮ, ಇಲ್ಲೂ ಬಿಡಲ್ವಾ ನನ್ನ?” ಎಂದು ಬೈಯುತ್ತಿದ್ದಳು. ಬೈಗುಳ ಕೇಳಿದರೆ ಸಮಾಧಾನ, ಬೈಯುವವಳು ನಿಂತಿದ್ದಾಳೆ ಎಂದು. ಗುಳಿಗೆ ತಳ ಕಂಡ ಮೇಲೆ ಇಬ್ಬರೂ ಆಸ್ಪತ್ರೆಗೆ ಹೋದೆವು.

ಕಿಟಕಿಯಲ್ಲಿ ಯಾವಾಗಲೂ ಇರುವ ಕಾಂಪೌಂಡರೇ ಇದ್ದರು. ನನ್ನನ್ನು ಕಂಡರೆ ಚೀಟಿ ನೋಡುವ ಮುಂಚೆಯೇ ಪೊಟ್ಟಣ ಕಟ್ಟುತ್ತಿದ್ದ ಮನುಷ್ಯ. ಅವತ್ತು ತಲೆ ಎತ್ತಲಿಲ್ಲ. ಹೊಸದೊಂದು ಪುಸ್ತಕ ಮುಂದಕ್ಕೆ ತಳ್ಳಿದರು.

“ಇವತ್ತಿನಿಂದ ಇದರಲ್ಲಿ ರುಜು ಮಾಡಿಸ್ಕೊಂಡು ಕೊಡ್ಬೇಕಂತೆ ಅಮ್ಮ. ನೀವೇ ಮೊದಲು.”

ಪುಟದ ನೆತ್ತಿಯ ಮೇಲೆ ಅಚ್ಚು ಹಾಕಿಸಿದ್ದರು. ಗುಬ್ಬಿ ನನ್ನ ಹೆಗಲ ಮೇಲಿಂದ ಬಾಗಿ ಗಟ್ಟಿಯಾಗಿ ಓದಿದಳು. “ಕಂಪನಿಯ ದಯೆಯಿಂದ ಪಡೆದಿದ್ದೇನೆ. ದಯೆಯಿಂದ ಪಡೆದ ಯಾವುದರಲ್ಲೂ ನನಗಾಗಲಿ ನನ್ನ ಮನೆಯವರಿಗಾಗಲಿ ಹಕ್ಕು ಇಲ್ಲವೆಂದು ಒಪ್ಪಿದ್ದೇನೆ.” ಓದಿ ನನ್ನ ಮೊಣಕೈ ಹಿಡಿದಳು. “ಅಮ್ಮ, ಹಾಕಬೇಡ. ಅಪ್ಪ ಅಲ್ಲಿ ನಿಂತು ಒಪ್ಪಿಲ್ಲ ಅಂತ ಹೇಳಿ ಬಂದಿದ್ದಾರೆ.”

“ಹಾಕದಿದ್ರೆ?” ಎಂದು ಕಾಂಪೌಂಡರನ್ನು ಕೇಳಿದೆ.

ಅವರು ಸುಮ್ಮನೆ ಕಪಾಟಿನ ಕಡೆ ನೋಡಿದರು. “ನನಗೂ ಮನೆ ಇದೆ ಅಮ್ಮ” ಎಂದರು.

ಹಿಂದೆ ಸಾಲಿನಲ್ಲಿ ಫ್ಯೂಸು ನಿಂತಿದ್ದ, ಹೆಂಡತಿಯ ಸಕ್ಕರೆ ಕಾಯಿಲೆಯ ಔಷಧಿಗೆ. ಅವನ ಹಿಂದೆ ಇನ್ನೂ ಕೆಲವರು, ಎಲ್ಲ ನಮ್ಮವರೇ. ಆ ಪುಸ್ತಕ ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು, ನಾನೇನು ಮಗುವೇ? ಆದರೆ ಕಿವಿಯ ಒಳಗೆ ಆ ಬಾಗಿಲ ಸದ್ದು ಶುರುವಾಗಿತ್ತು. ಹಿಮ್ಮಡಿ ಬಡಿಯುವ ಸದ್ದು. “ಬಿಡೇ ಕೈ” ಎಂದು ಗುಬ್ಬಿಯ ಕೈ ಕೊಡವಿ ರುಜು ಹಾಕಿದೆ. ಪೊಟ್ಟಣ ಬಂತು. ನನ್ನ ನಂತರ ಫ್ಯೂಸೂ ಹಾಕಿದ. ಅವನ ಹಿಂದಿನವರೂ ಹಾಕಿದರು. ಯಾರ ಮುಖವನ್ನು ಯಾರೂ ನೋಡಲಿಲ್ಲ.

ಮನೆಗೆ ಬಂದು ಇವರಿಗೆ ಹೇಳಿದೆ. ಇವರು ಪೊಟ್ಟಣ ತೆಗೆದು ಡಬ್ಬಿಗೆ ಸುರಿದರು. “ಸಿಕ್ತಲ್ಲ, ಬಿಡು” ಎಂದರು.

“ಬೈಯಿರಿ ನನ್ನ!” ಎಂದೆ. ಬೈಯಲ್ಲ ಆ ಮನುಷ್ಯ. ಆ ಹೊತ್ತು ಒಂದು ಏಟು ಕೊಟ್ಟಿದ್ದರೂ ನನಗೆ ಹಗುರವಾಗುತ್ತಿತ್ತು.

ನಾನು ಎಣಿಸಿದ ಹಾಗೇ ಆಯಿತು. ಮುಂದಿನ ತಾರೀಖಿಗೆ ಕಂಪನಿ ವಕೀಲರು ಆ ಪುಸ್ತಕವನ್ನು ತಂದು ನ್ಯಾಯಾಧೀಶರ ಮುಂದೆ ಇಟ್ಟರು. ಒಂದೆರಡು ಪ್ರಶ್ನೆಗಷ್ಟೇ ಸಾಕ್ಷಿಯನ್ನು ಮತ್ತೆ ಕರೆಸಬೇಕು ಎಂದು ಅಪ್ಪಣೆ ಕೇಳಿದರು. ಇವರು ಕಟಕಟೆ ಹತ್ತಿದರು. ಅಂಗಿ ಅದೇ, ಹೆಗಲ ಹತ್ತಿರ ಸ್ವಲ್ಪ ಜೋಲಾಗಿತ್ತು. ನಾನು ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಪಕ್ಕದಲ್ಲಿ ಗುಬ್ಬಿ.

“ಮೊದಲನೇ ರುಜು ನೋಡಿ. ಯಾರದ್ದು?”

“ನನ್ನ ಹೆಂಡತಿದು.”

“ಮೇಲೆ ಬರೆದಿರೋದು ಓದಿ.”

ಇವರು ಮೌನವಾಗಿ ಓದಿಕೊಂಡರು. ವಕೀಲರು ದನಿ ಬದಲಾಯಿಸಿದರು. ಆ ದನಿ ಮತ್ತೆ ಬಂತು, ಏರಿಲ್ಲದ ಇಳಿತವಿಲ್ಲದ ದನಿ. ನಾನು ಗುಬ್ಬಿಯ ಕೈ ಹಿಡಿದುಕೊಂಡೆ.

“ಬೋರ್ಡ್ ಮೂರು. ಹಕ್ಕು ಇಲ್ಲವೆಂದು ಹೆಂಡತಿ ಒಪ್ಪಿದ್ದಾರೆ.”

ಇವರ ಬೆನ್ನು ನೆಟ್ಟಗಾಯಿತು. ತುಟಿ ಬಿಚ್ಚಿತು. ಇಡೀ ಕೋಣೆ ಆ ಬಾಯನ್ನೇ ನೋಡುತ್ತಿತ್ತು. ತುಟಿ ಮುಚ್ಚಿತು. ಆಮೇಲೆ ವಕೀಲರ ಕಡೆಗಲ್ಲ, ನನ್ನ ಕಡೆಗೆ ತಿರುಗಿದರು.

“ಅವಳು ಒಪ್ಪಿಲ್ಲ ಸ್ವಾಮಿ” ಎಂದರು. “ಹೆದರಿದ್ದಾಳೆ.”

ವಕೀಲರು ಏನೋ ಹೇಳಲು ಹೋದರು. ನ್ಯಾಯಾಧೀಶರು ಕೈ ಎತ್ತಿ ನಿಲ್ಲಿಸಿದರು. ಕನ್ನಡಕ ತೆಗೆದು ಬೆಂಚುಗಳ ಕಡೆ ನೋಡಿದರು.

“ಇವರ ಹೆಂಡತಿ ಬಂದಿದ್ದಾರಾ?”

ಎದ್ದು ನಿಂತೆ. ಮುಂದಿನ ಬೆಂಚನ್ನು ಹಿಡಿದುಕೊಂಡೆ. ದೊಡ್ಡ ಇಂಜಿನಿಯರು ಕುರ್ಚಿಯಲ್ಲೇ ತಿರುಗಿ ನನ್ನನ್ನು ನೋಡಿದರು, ಅದೇ ಮೆತ್ತಗಿನ ಮುಖ. ಮುಂದಿನ ತಿಂಗಳ ಗುಳಿಗೆ ಆ ಮುಖದ ಹಿಂದೆ ಇತ್ತು.

“ನೀವು ಪ್ರಮಾಣ ಮಾಡಿದ ಸಾಕ್ಷಿ ಅಲ್ಲ, ಉತ್ತರ ಹೇಳಲೇಬೇಕು ಅಂತಿಲ್ಲ” ಎಂದರು ನ್ಯಾಯಾಧೀಶರು. “ಅಮ್ಮಾ, ನಿಮಗೆ ಹೆದರಿಕೆ ಇದೆಯಾ?”

ಹುಟ್ಟಿದಾಗಿನಿಂದ ಯಾರು ಕೇಳಿದರೂ ಇಲ್ಲ ಎಂದೇ ಹೇಳಿದವಳು ನಾನು. ಈಗ ಇದೆ ಎಂದರೆ ಗುಳಿಗೆ ಏನಾಗುತ್ತದೋ ಗೊತ್ತಿಲ್ಲ, ಇಲ್ಲ ಎಂದರೆ ಕಟಕಟೆಯಲ್ಲಿ ನಿಂತ ಆ ಮನುಷ್ಯ ಸುಳ್ಳುಗಾರ. ಗುಬ್ಬಿ ನನ್ನ ಕೈ ಬಿಟ್ಟಿರಲಿಲ್ಲ.

“ಇದೆ ಸ್ವಾಮಿ” ಎಂದೆ. “ಈಗಲೂ ಇದೆ.”

ನನ್ನ ಹಿಂದೆ ಬೆಂಚು ಕಿರ್ರೆಂದಿತು. ಫ್ಯೂಸು ಎದ್ದು ನಿಂತಿದ್ದ. “ನನಗೂ ಇದೆ ಸ್ವಾಮಿ” ಎಂದ. ಅವನ ಪಕ್ಕದವರೂ ಎದ್ದರು.

ನ್ಯಾಯಾಧೀಶರು ಟೈಪಿನ ಹೆಂಗಸಿನ ಕಡೆ ತಿರುಗಿ, ಅದನ್ನೂ ಬರೆದುಕೊಳ್ಳಿ ಎಂದರು.